ಮೊರದಲ್ಲಿಟ್ಟ ಫ್ಯೂಸುಗಳು

ನನ್ನ ತಂಗಿ ಊರೂರಿಗೆ ಹೋಗಿ ಹೇಳುವ ಒಂದು ಕಥೆ ಇದೆ. ನಮ್ಮೂರಿನ ಬಾವಿಯ ಕಥೆ. ಅದರಲ್ಲಿ ನಾನೂ ಬರುತ್ತೇನೆ. ಮೊದಮೊದಲು ಅವಳು ಹೇಳುತ್ತಿದ್ದಾಗ ನಾನು ಅದರಲ್ಲಿ ಒಳ್ಳೆಯವಳಾಗಿದ್ದೆ. ಈಗ ಹೇಳುವಾಗ ಮೋಸ ಮಾಡಿದ ಅಕ್ಕ ಆಗಿದ್ದೇನೆ. ಜನ ನಗುತ್ತಾರೆ, ನಾನು ಅಲ್ಲೇ ಕೂತಿದ್ದರೆ ತಿರುಗಿ ನೋಡುತ್ತಾರೆ. ಮೊದಲಿನ ಕಥೆ ಕೇಳುವಾಗ ನನಗೆ ಎದ್ದು ಓಡಿಹೋಗಬೇಕು ಅನ್ನಿಸುತ್ತಿತ್ತು. ಈಗಿನದನ್ನು ಕೇಳುತ್ತಾ ನಾನೂ ಅವರ ಜೊತೆ ನಗುತ್ತೇನೆ.

ಇದನ್ನು ನಾನೇ ಬರೆಯಬೇಕೆಂದು ತಂಗಿಯ ಹಟ. ನಾನು ಶಾಲೆಗೆ ಹೋದದ್ದು ಐದನೆಯ ತರಗತಿಯವರೆಗೆ. ಒತ್ತಕ್ಷರಗಳನ್ನು ಅವಳು ತಿದ್ದಿದ್ದಾಳೆ. ಮಾತನ್ನು ತಿದ್ದಲು ನಾನು ಬಿಟ್ಟಿಲ್ಲ.

ನಮ್ಮೂರು ರಾಯದುರ್ಗದಿಂದ ಬಳ್ಳಾರಿ ಕಡೆ ಹೋಗುವ ದಾರಿಯಲ್ಲಿ, ಡಿ. ಹಿರೇಹಾಳ್ ಮುಟ್ಟುವ ಮೊದಲೇ ಒಳಗೆ ತಿರುಗಿದರೆ ಸಿಗುತ್ತದೆ. ಮೇಗಳ ಓಣಿ, ಕೆಳಗಳ ಓಣಿ ಎಂದು ಎರಡು ಓಣಿ. ನಾವು ಕೆಳಗಳ ಓಣಿಯವರು. ಎರಡರ ನಡುವೆ ಶಾಲೆ, ಶಾಲೆಯ ಕೆಳಗೆ ಹಳ್ಳದ ಮಗ್ಗುಲಲ್ಲಿ ಕಲ್ಲು ಕಟ್ಟಿದ ದೊಡ್ಡ ಬಾವಿ. ಬಾವಿ ನಮ್ಮ ಓಣಿಯದು. ನಾನು ಚಿಕ್ಕವಳಿದ್ದಾಗ ಅದು ಬತ್ತಿತು. ಅದೇ ಬೇಸಿಗೆಯಲ್ಲಿ ಮೇಗಳ ಓಣಿಯ ಒಬ್ಬರು ಹೊಸ ಬೋರು ಹಾಕಿಸಿದ್ದರು. ಆ ಬೋರು ನಮ್ಮ ಬಾವಿಯ ನೀರು ಎಳೆಯಿತು ಅಂದರು ನಮ್ಮವರು. ಮಳೆ ಬರದಿದ್ದಕ್ಕೆ ನಮ್ಮ ಬೋರು ಏನು ಮಾಡಬೇಕು ಅಂದರು ಅವರು. ಪಂಚಾಯಿತಿ ಎಲೆಕ್ಷನ್ ಹೊತ್ತಿಗೆ ಈ ಮಾತು ಬಡಿಗೆಗೆ ತಿರುಗಿತು, ಬಡಿಗೆಯಿಂದ ಮಚ್ಚಿಗೆ. ನಮ್ಮ ಸೀಮೆಯಲ್ಲಿ ಇದನ್ನು ಫ್ಯಾಕ್ಷನ್ ಅನ್ನುತ್ತಾರೆ. ಎರಡೂ ಕಡೆಯಲ್ಲಿ ಸತ್ತವರಿದ್ದಾರೆ, ಜೈಲಿಗೆ ಹೋದವರಿದ್ದಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಆಗ ಅನೇಕ ಮನೆಗಳವರು ಊರು ಬಿಟ್ಟರು. ನಾವು ಬಳ್ಳಾರಿಗೆ ಹೋದೆವು. ಅಲ್ಲಿ ನಾನು ಶಾಲೆ ಬಿಟ್ಟು ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸಲು ಕೂತೆ. ಹೊಲಿದು ಬಂದ ಪ್ಯಾಂಟಿನಲ್ಲಿ ಅಲ್ಲಲ್ಲಿ ಉಳಿದ ದಾರದ ತುದಿಗಳನ್ನು ಸಣ್ಣ ಕತ್ತರಿಯಿಂದ ತೆಗೆಯುವ ಕೆಲಸ. ಆಮೇಲೆ ಮಷೀನು ಕಲಿತೆ. ತಂಗಿ ಅಲ್ಲೇ ಶಾಲೆಗೆ ಸೇರಿದಳು. ಹಿರಿಯರು, ಪೊಲೀಸರು ಸೇರಿ ಊರಲ್ಲಿ ರಾಜಿ ಮಾಡಿಸಿದ ಮೇಲೆ ಅವ್ವ ನಮ್ಮಿಬ್ಬರನ್ನು ಕರೆದುಕೊಂಡು ವಾಪಸು ಬಂದಳು. ಅಪ್ಪ ಅಷ್ಟರಲ್ಲಿ ಕಾಯಿಲೆಯಿಂದ ಹೋಗಿದ್ದ. ರಾಜಿಯ ದಿನ ಎರಡೂ ಓಣಿಯವರು ಮಚ್ಚು, ಭರ್ಜಿಗಳನ್ನು ತಂದು ಶಾಲೆಯ ಮುಂದೆ ಹಾಸಿದ ಗೋಣಿಚೀಲದ ಮೇಲೆ ಹಾಕಿದರಂತೆ. ಎಲ್ಲರೂ ಎಲ್ಲವನ್ನೂ ತಂದಿರಲಿಲ್ಲ, ಕೆಲವರು ಬಣವೆಯಲ್ಲಿ ಒಂದೊಂದು ಉಳಿಸಿಕೊಂಡಿದ್ದರು ಎಂದೂ ಹೇಳುತ್ತಾರೆ.

ಜಗಳ ನಿಂತಿತು. ಮಾತು ಮಾತ್ರ ಶುರುವಾಗಲಿಲ್ಲ. ಮೇಗಳ ಓಣಿಯ ಆ ಬೋರಿನವರನ್ನು ನಾನು ಚಿಕ್ಕಂದಿನಲ್ಲಿ ಮಾವ ಎಂದು ಕರೆಯುತ್ತಿದ್ದೆ. ವಾಪಸು ಬಂದ ಮೇಲೆ ಬಸ್ಸಿನಲ್ಲಿ ಒಂದೇ ಕಂಬಿ ಹಿಡಿದು ನಿಂತರೂ ಅವರು ಅತ್ತ ನೋಡುತ್ತಿದ್ದರು, ನಾನು ಇತ್ತ.

ಆ ಹೊತ್ತಿಗೆ ರಾಯದುರ್ಗದಲ್ಲೂ ಜೀನ್ಸ್ ಹೊಲಿಯುವ ಕೆಲಸ ಚೆನ್ನಾಗಿ ನಡೆಯುತ್ತಿತ್ತು. ನಾನು ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ದಾರ ಕತ್ತರಿಸಲು ಪ್ಯಾಂಟುಗಳ ಬಂಡಲ್ ಹೊತ್ತು ಬರುತ್ತಿದ್ದೆ. ಮದುವೆಯಾದ ಮೇಲೂ ಹಾಗೇ ನಡೆಯಿತು. ಗಂಡ ಬಳ್ಳಾರಿಯಲ್ಲಿ ಕಟಿಂಗ್ ಮಾಸ್ಟರ್, ವಾರಕ್ಕೊಮ್ಮೆ ಬರುವವರು. ಹೊಲವನ್ನೂ ವಾಪಸು ಬಂದ ಮೇಲೆ ಅದರಲ್ಲಿ ಹಾಕಿಸಿದ ಬೋರನ್ನೂ ನಾನೂ ಅವ್ವನೂ ನೋಡುತ್ತಿದ್ದೆವು. ತಂಗಿ ಕಾಲೇಜು ಮುಗಿಸಿ ಒಂದು ಪರಿಸರ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಳು. ನೆಲದೊಳಗಿನ ನೀರಿನ ಮೇಲೆ ಸಂಶೋಧನೆ ಮಾಡುವುದು, ಅದನ್ನು ಹಳ್ಳಿಯ ಮಕ್ಕಳಿಗೆ ಕಲಿಸುವುದು ಅವರ ಕೆಲಸ. ನಮ್ಮೂರ ಶಾಲೆಯನ್ನೇ ಅವಳು ಮೊದಲು ಹಿಡಿದಳು.

ಅಷ್ಟರಲ್ಲಿ ಬಾವಿಗೆ ಮತ್ತೆ ಸ್ವಲ್ಪ ನೀರು ಬಂದಿತ್ತು. ಅವಳ ಸಾಮಾನು ಬಹಳವಿರಲಿಲ್ಲ. ಒಂದು ಟೇಪು, ಅದರ ತುದಿಗೆ ಕಟ್ಟಿದ ಪೊಳ್ಳು ಕಬ್ಬಿಣದ ಗುಂಡು. ಬಾವಿಯ ಕಟ್ಟೆಯಿಂದ ಇಳಿಬಿಟ್ಟರೆ ಗುಂಡು ನೀರು ಮುಟ್ಟಿದ ಕೂಡಲೇ ಡುಬ್ ಎಂದು ಸದ್ದು ಬರುತ್ತದೆ. ಅಲ್ಲಿಗೆ ಟೇಪು ಓದಬೇಕು. ಅವಳು ಇಟ್ಟ ನಿಯಮ ಒಂದೇ: ಟೇಪು ಹಿಡಿಯುವ ಮಗು ಒಂದು ಓಣಿಯದಾದರೆ ಓದುವ ಮಗು ಇನ್ನೊಂದು ಓಣಿಯದಾಗಬೇಕು. ಮೊದಮೊದಲು ಮಕ್ಕಳು ಮುಖ ತಿರುಗಿಸಿಕೊಂಡೇ ಅಳೆದವು. ಕೆಲವು ವಾರಗಳಲ್ಲಿ "ಕೈ ಅಲ್ಲಾಡಸಬ್ಯಾಡಲೇ, ಡುಬ್ ಅನ್ನದು ಕೇಳವಲ್ದು" ಎಂದು ಒಂದಕ್ಕೊಂದು ಬೈಯತೊಡಗಿದವು. ತಂಗಿ ಮನೆಗೆ ಬಂದು, "ಅಕ್ಕಾ, ಇವತ್ತು ಜಗಳ ಆಡಿದ್ವು!" ಎಂದು ಹಿಗ್ಗಿನಿಂದ ಹೇಳಿದಳು. ಮಾತೇ ಇಲ್ಲದ ಕಡೆ ಜಗಳವೂ ಒಂದು ಬೆಳೆ.

ಆಮೇಲೆ ಅವಳು ಯಾರೂ ಬಾಯಿಬಿಟ್ಟು ಕೇಳದಿದ್ದ ಪ್ರಶ್ನೆಯನ್ನು ಎತ್ತಿದಳು. ಮೇಗಳ ಓಣಿಯ ಬೋರು ನಮ್ಮ ಬಾವಿಯನ್ನು ಎಳೆಯುತ್ತದೋ ಇಲ್ಲವೋ? ಇದನ್ನು ನೋಡಲು ಒಂದು ದಾರಿ ಇದೆ. ಊರಿನ ಎಲ್ಲ ಬೋರು ನಿಲ್ಲಿಸಿ, ಕರೆಂಟು ಬಂದಾಗಿನಿಂದ ಹೋಗುವವರೆಗೆ ಆ ಒಂದು ಬೋರನ್ನು ಮಾತ್ರ ಓಡಿಸಬೇಕು. ಮಕ್ಕಳು ಬಾವಿಯ ನೀರನ್ನು ಅಳೆಯುತ್ತಲೇ ಇರಬೇಕು. ಇಳಿದರೆ ಎಳೆಯುತ್ತದೆ, ಇಳಿಯದಿದ್ದರೆ ಇಲ್ಲ.

ಅವ್ವ ಹೆದರಿದಳು. "ಆರಿದ ಒಲಿ ಕೆದಕಬ್ಯಾಡವ್ವ. ಯಾರ ಕಡಿ ಬಂದ್ರೂ ನಿನ್ನ ತಲಿಗೇ ಬರ್ತೈತಿ."

"ಆರಿಲ್ಲವ್ವ, ಬೂದಿ ಮುಚ್ಚೈತಿ ಅಷ್ಟ" ಅಂದಳು ತಂಗಿ.

ಬಾವಿ ಅಳೆಯುವ ಮಾತು ಎತ್ತಿಕೊಂಡು ಅವಳು ಒಬ್ಬಳೇ ಮೇಗಳ ಓಣಿಗೆ ಹೋದಳು. ಆ ಬೋರಿನವರ ಮನೆಯ ಮುಂದೆ ನಿಂತು "ಮಾವಾ" ಎಂದು ಕರೆದಳಂತೆ. ಅವರು, "ಆ ಕರಿ ಕೇಳಿ ಎಷ್ಟು ವರ್ಸ ಆತು. ಕುಂದರು, ಚಾ ಕುಡದು ಹೋಗು. ಅಳೀರಿ. ನಂದೇನೂ ಇಲ್ಲ" ಅಂದರಂತೆ.

ಉಳಿದ ಬೋರುಗಳು ನಿಂತಿವೆ ಎಂದು ಒಬ್ಬರನ್ನೊಬ್ಬರು ನಂಬುವುದು ಹೇಗೆ? ಇದಕ್ಕೆ ಮಾವನೇ ಒಂದು ಉಪಾಯ ಹೇಳಿದರು. ಎಲ್ಲರೂ ತಮ್ಮ ತಮ್ಮ ಸ್ಟಾರ್ಟರ್ ಪೆಟ್ಟಿಗೆಯ ಫ್ಯೂಸುಗಳನ್ನು ಕಿತ್ತು ಶಾಲೆಗೆ ತಂದುಕೊಡುವುದು. ಫ್ಯೂಸು ಇಲ್ಲದೆ ಮೋಟರು ಓಡುವುದಿಲ್ಲ. ಅಳತೆ ಮುಗಿದ ಮೇಲೆ ವಾಪಸು ಒಯ್ಯುವುದು.

ಹೊಲದ ಕರೆಂಟು ಒಂದು ವಾರ ಹಗಲು, ಒಂದು ವಾರ ರಾತ್ರಿ ಬರುವುದರಿಂದ ಹಗಲಿನ ವಾರ ನೋಡಿ ಅಳತೆಯ ದಿನ ಗೊತ್ತುಮಾಡಿದರು. ಆ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಒಂದು ಮೊರ ಇಟ್ಟಿದ್ದರು. "ಅಕ್ಕಾ, ನೀನ ಮೊದಲ್ ಹಾಕಬೇಕು. ನಮ್ಮ ಮನಿದು ಬಿತ್ತಂದ್ರ ಉಳಿದೋರು ತಾವ ಹಾಕ್ತಾರ" ಎಂದು ತಂಗಿ ಹಿಂದಿನ ದಿನವೇ ಹೇಳಿದ್ದಳು. ನಾನು ಮೂರು ಬಿಳಿ ಪಿಂಗಾಣಿ ಫ್ಯೂಸುಗಳನ್ನು ಸೆರಗಿನಲ್ಲಿ ತಂದು ಮೊರದಲ್ಲಿ ಹಾಕಿದೆ. ಮಕ್ಕಳು ಚಪ್ಪಾಳೆ ಹೊಡೆದವು. ನನ್ನ ಹಿಂದೆ ಒಬ್ಬೊಬ್ಬರೇ ಬಂದು ಹಾಕಿದರು. ಮಾವ ಮೊರ ನೋಡಿ, "ಆವಾಗ ಗೋಣಿಚೀಲ, ಈಗ ಮೊರ. ಪರವಾಗಿಲ್ಲ, ಊರು ಸುಧಾರಿಸೈತಿ" ಅಂದರು. ಎಲ್ಲರೂ ನಕ್ಕರು. ಎರಡು ಓಣಿಯವರು ಒಟ್ಟಿಗೆ ನಕ್ಕದ್ದನ್ನು ನಾನು ದೊಡ್ಡವಳಾದ ಮೇಲೆ ನೋಡಿದ್ದು ಅದೇ ಮೊದಲು.

ನಾನೂ ನಕ್ಕೆ. ಆದರೆ ನನ್ನ ಪೆಟ್ಟಿಗೆಗೆ ಆ ಫ್ಯೂಸುಗಳು ಬೇಕೇ ಇರಲಿಲ್ಲ.

ಅದಕ್ಕೆ ತಿಂಗಳ ಹಿಂದೆ ವೋಲ್ಟೇಜು ಏರಿಳಿದು ಫ್ಯೂಸು ಸುಡುವುದು ಹೆಚ್ಚಾಗಿತ್ತು. ಮೋಟರು ರಿಪೇರಿಗೆ ಬಂದವನು ಬೇಸತ್ತು ದಪ್ಪ ತಂತಿಯಿಂದ ಡೈರೆಕ್ಟ್ ಕಟ್ಟಿ ಹೋಗಿದ್ದ. ಫ್ಯೂಸುಗಳು ಪೆಟ್ಟಿಗೆಯಲ್ಲಿ ಸುಮ್ಮನೆ ಕೂತಿದ್ದವು, ಕಿತ್ತರೂ ಮೋಟರು ಓಡುತ್ತಿತ್ತು. ಮೇಲಾಗಿ ನಮ್ಮ ಕಡೆ ಎಲ್ಲ ಪೆಟ್ಟಿಗೆಗೂ ಆಟೋ ಹಾಕಿಸಿರುತ್ತೇವೆ. ಕರೆಂಟು ಯಾವ ಹೊತ್ತಿಗೆ ಬಂದರೂ ಮೋಟರು ತಾನೇ ಶುರುವಾಗುವ ಏರ್ಪಾಡು ಅದು. ನಾನು ಆಟೋ ಬಂದ್ ಮಾಡಬೇಕಿತ್ತು. ಒಂದು ಸ್ವಿಚ್ಚು.

ಮರೆತೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ಹಿಂದಿನ ವಾರವಷ್ಟೇ ಮೆಣಸಿನ ಸಸಿ ನೆಟ್ಟಿದ್ದೆವು. ಬಿಸಿಲು ಜೋರಿತ್ತು. ಒಂದು ದಿನ ನೀರು ತಪ್ಪಿದರೂ ಬಾಡುತ್ತವೆ ಅನ್ನಿಸಿತು. ಬೆಳಿಗ್ಗೆ ಫ್ಯೂಸು ಕೀಳುವಾಗ ಆ ಸ್ವಿಚ್ಚಿನ ಮೇಲೆ ಬೆರಳಿಟ್ಟು ಹಾಗೇ ತೆಗೆದೆ. ನೋಡುತ್ತಿರುವುದು ಮಾವನ ಬೋರನ್ನು, ನಮ್ಮದೊಂದು ಓಡಿದರೆ ಏನಾಗುತ್ತದೆ ಅಂದುಕೊಂಡೆ. ನೀರಿನೊಳಗಿನ ಮೋಟರು, ಸದ್ದಿಲ್ಲ. ಸಸಿಗಳಿಗೆ ಡ್ರಿಪ್ಪು, ಹರಿಯುವ ನೀರು ಕಾಣುವುದಿಲ್ಲ. ಪೆಟ್ಟಿಗೆಗೆ ಕೀಲಿ ಹಾಕಿ, ಶಾಲೆಯಲ್ಲಿ ಚಪ್ಪಾಳೆ ಹೊಡೆಸಿಕೊಂಡು ರಾಯದುರ್ಗದ ಬಸ್ಸು ಹತ್ತಿದೆ.

ನಮ್ಮ ಬೋರು ಇರುವುದು ಬಾವಿಯ ಹತ್ತಿರದ ಹೊಲದಲ್ಲಿ. ಮಾವನದು ಶಾಲೆಯ ಆಚೆ, ದೂರ. ಇದು ನನಗೆ ಹೊಳೆಯಲೇ ಇಲ್ಲ ಎಂದರೆ ನೀವು ನಂಬಬೇಕಾಗಿಲ್ಲ.

ಸಂಜೆ ಬರುವಷ್ಟರಲ್ಲಿ ಊರಿಗೆ ಊರೇ ಶಾಲೆಯ ಅಂಗಳದಲ್ಲಿತ್ತು. ಬಾವಿಯ ನೀರು ಒಂದೂವರೆ ಗೇಣಿನಷ್ಟು ಇಳಿದಿತ್ತು. ತಂಗಿ ಮಕ್ಕಳು ಓದಿದ ಅಳತೆಗಳನ್ನೆಲ್ಲ ಬೋರ್ಡಿನ ಮೇಲೆ ಬರೆದು ಎಲ್ಲರಿಗೂ ತೋರಿಸಿದಳು. ನಮ್ಮ ಓಣಿಯ ಹುಡುಗರು "ನಾವು ಆವಾಗ್ಲೇ ಹೇಳಿದ್ದಿಲ್ಲೇನ್ರಿ" ಎಂದು ಎದ್ದರು. ಮೇಗಳ ಓಣಿಯವರ ಮುಖ ಗಂಟಿಕ್ಕಿತು. ಆಗ ಮಾವ ಎದ್ದು ನಿಂತರು.

"ಕುಂದರ್ರಿ ಎಲ್ಲಾರೂ. ಮಕ್ಕಳು ಅಳದಾವ. ಅದರಾಗ ನಮ್ಮ ಓಣಿ ಮಕ್ಕಳೂ ಅದಾವ. ನನ್ನ ಬೋರು ಎಳೀತೈತಿ ಅಂದ್ರ ಎಳೀತೈತಿ. ಈ ಸಲ ನಾನು ಭತ್ತ ಹಾಕಂಗಿಲ್ಲ. ನವಣಿ ಹಾಕ್ತೀನಿ."

ಅಷ್ಟೇ ಅಂದು ಮೊರದಿಂದ ಫ್ಯೂಸುಗಳನ್ನು ತಾವೇ ಎತ್ತಿ ಒಬ್ಬೊಬ್ಬರಿಗೂ ಹಂಚಿದರು. ನನ್ನ ಕೈಗೆ ಕೊಡುವಾಗ, "ಮೊದಲ್ ಹಾಕಿದಾಕಿ ನೀನು. ನಿಮ್ಮಪ್ಪ ಇರಬೇಕಿತ್ತು" ಅಂದರು.

ಅಲ್ಲೇ ಹೇಳಬೇಕಿತ್ತು. ಆ ಹೊತ್ತಿಗೆ ಹೇಳಿದ್ದರೆ ಒಂದು ದಿನದ ಅಳತೆ ಕೆಡುತ್ತಿತ್ತು, ಅಷ್ಟೇ. ನಾನು ಫ್ಯೂಸು ಇಸಕೊಂಡು ಮನೆಗೆ ಬಂದೆ.

ಊಟಕ್ಕೆ ಕೂತಾಗ ತಂಗಿ, "ಒಂದು ತಿಳೀವಲ್ದು ಅಕ್ಕ. ಕರೆಂಟ್ ಬಂದ ಕೂಡ್ಲೇ ನೀರು ಇಳಿಯಾಕ ಹತ್ತಿತು. ಅಷ್ಟು ದೂರದ ಬೋರು ಅಷ್ಟು ಲಗೂನ ಹೆಂಗ ಎಳೀತು?" ಅಂದಳು. ನಾನು ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದೆ. ರೊಟ್ಟಿ ಆಗಲೇ ತಿರುವಿ ಆಗಿತ್ತು.

ಆ ವರ್ಷ ಊರು ಚೆನ್ನಾಗಿತ್ತು. ಅದೇ ನನ್ನನ್ನು ಹೆಚ್ಚು ಕಾಡಿದ್ದು. ಮಾವ ತಪ್ಪು ಒಪ್ಪಿಕೊಂಡರು ಎಂದು ನಮ್ಮ ಓಣಿಯವರು ಮೆತ್ತಗಾದರು. ಎರಡೂ ಓಣಿಯ ಕುರಿಗಳು ಒಂದೇ ತೊಟ್ಟಿಯಲ್ಲಿ ನೀರು ಕುಡಿದವು. ಗಣೇಶನ ಹಬ್ಬಕ್ಕೆ ಒಂದೇ ಪೆಂಡಾಲು ಹಾಕಿದರು. ನಾನು ಹೆದರಿಕೆಗೆ ಆಟೋ ಬಂದ್ ಮಾಡಿ, ದಿನ ಬಿಟ್ಟು ದಿನ ಕೈಯಿಂದ ಮೋಟರು ಹಾಕತೊಡಗಿದೆ. ಮಳೆಯೂ ಪರವಾಗಿಲ್ಲ ಅನ್ನುವಷ್ಟು ಬಂತು. ಬಾವಿಯಲ್ಲಿ ನೀರು ಏರಿತು. ಮಾವ ಹಾದುಹೋಗುವಾಗಲೆಲ್ಲ ಬಾವಿಗೆ ಇಣುಕಿ, "ನವಣಿ ಹಾಕಿದ್ದಕ್ಕ ಎಷ್ಟು ಬಂತು ನೋಡವ್ವ" ಅನ್ನುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ.

ತಂಗಿಯ ಕೇಂದ್ರದವರಿಗೆ ಈ ಅಳತೆ ಬಹಳ ಹಿಡಿಸಿತು. ಬೋರಿನ ವಿಷಯಕ್ಕೆ ಮಾತು ಬಿಟ್ಟ ಬೇರೆ ಊರುಗಳಿಗೂ ಅವಳನ್ನು ಕಳಿಸಿದರು. ಹೋದಲ್ಲೆಲ್ಲ ಅವಳು ಮೊರದ ಕಥೆ ಹೇಳುತ್ತಿದ್ದಳು. "ನಮ್ಮ ಅಕ್ಕ ಮೊದಲು ಹಾಕಿದಳು" ಎಂದು ಅದು ಶುರುವಾಗುತ್ತಿತ್ತು. ಅವಳ ಮಾತಿಗೆ ಜನ ಬೆಲೆ ಕೊಡುತ್ತಿದ್ದರು. ಒಂದು ದಿನ ಈ ಮಾತು ಸುಳ್ಳು ಎಂದು ಹೊರಬಿದ್ದರೆ ಅವಳನ್ನು ಯಾವ ಊರವರು ನಂಬುತ್ತಾರೆ? ನಮ್ಮ ಎರಡು ಓಣಿಗಳೇ ಅವಳನ್ನು ಏನನ್ನುತ್ತವೆ? ಅಕ್ಕನ ಬೋರು ಉಳಿಸಲು ತಂಗಿ ಸುಳ್ಳು ಅಳೆದಳು ಅನ್ನುವುದಿಲ್ಲವೇ? ಮಷೀನಿನ ಮುಂದೆ ಕೂತಾಗ ಇದೇ ತಲೆಯಲ್ಲಿ ಓಡುತ್ತಿತ್ತು. ಒಂದು ಸಲ ಎರಡು ಎಡಗಾಲುಗಳನ್ನು ಜೋಡಿಸಿ ಪ್ಯಾಂಟು ಹೊಲಿದೆ. ಇಡೀ ಅಂಗಡಿ ನಕ್ಕಿತು.

ಮರುವರ್ಷ ಮಡಕಶಿರಾ ಕಡೆಯಿಂದ ಅವಳಿಗೆ ಕರೆ ಬಂತು. ಅಮರಾಪುರದ ಹತ್ತಿರದ ಒಂದು ಹಳ್ಳಿ. ಆ ವಾರ ನಮ್ಮ ಅಂಗಡಿಯಲ್ಲಿ ಕೆಲಸ ಇರಲಿಲ್ಲ. ಕಟಿಂಗಿನಲ್ಲಿ ಉಳಿದ ಜೀನ್ಸ್ ತುಂಡುಗಳಿಂದ ಮಕ್ಕಳ ಟೇಪುಗಳಿಗೆ ನಾನು ಚೀಲ ಹೊಲಿದುಕೊಟ್ಟಿದ್ದೆ. "ನೀನೂ ಬಾ ಅಕ್ಕಾ, ಚೀಲ ಹೊಲಿದಾಕಿ ಅಂತ ತೋರಸ್ತೀನಿ" ಎಂದು ಹಟ ಮಾಡಿ ಕರೆದೊಯ್ದಳು. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ಮಡಕಶಿರಾದಲ್ಲಿ ಇನ್ನೊಮ್ಮೆ ಬದಲಿಸಿ ಹೋದೆವು.

ಅಲ್ಲಿ ರೇಷ್ಮೆಹುಳು ಸಾಕುವ ಒಂದು ಮನೆಯ ಮುಂದೆ ಜನ ಸೇರಿದ್ದರು. ಹೆಂಗಸರು ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಲೇ ಕೇಳುತ್ತಿದ್ದರು. ತಂಗಿ ಕಥೆ ಹೇಳಿದಳು. ಮೊರ ಬಂತು, ನಾನು ಬಂದೆ, ಎಲ್ಲರೂ ನನ್ನ ಕಡೆ ನೋಡಿ ನಕ್ಕರು. ಸೊಪ್ಪಿನ ರಾಶಿಯ ಪಕ್ಕ ಕೂತಿದ್ದ ಒಬ್ಬ ಹೆಂಗಸು ಮಾತ್ರ ಕೈ ನಿಲ್ಲಿಸಿದಳು.

"ಅಲ್ಲ ಕಣಮ್ಮಿ, ಫ್ಯೂಸ್ ಕಿತ್ಕೊಟ್ರೆ ಮೋಟ್ರು ನಿಂತೋಯ್ತದಾ? ನಮ್ಮೂರಾಗೆ ಅರ್ಧ ಪೆಟ್ಗೆ ಡೈರೆಕ್ಟು."

"ಡೈರೆಕ್ಟ್ ಇದ್ರ ಜನ ಹೇಳ್ತಾರಲ್ಲಮ್ಮ" ಅಂದಳು ತಂಗಿ.

"ಯಾರ್ ಹೇಳ್ತಾರೆ? ನಾನಂತೂ ಹೇಳಾಕಿಲ್ಲ ಕಣವ್ವ. ಫ್ಯೂಸ್ ಕೊಟ್ಟು ನಕ್ಕಂಡು ಮನೀಗೋಯ್ತೀನಿ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತಂಗಿಯೂ ನಕ್ಕಳು. ನಗುತ್ತಾ ನಗುತ್ತಾ ನನ್ನ ಕಡೆ ತಿರುಗಿದಳು. ನಾನು ನಗುತ್ತಿರಲಿಲ್ಲ. ಅವಳ ಮುಖ ನಿಧಾನವಾಗಿ ಬದಲಾಯಿತು. ಕರೆಂಟು ಬಂದ ಕೂಡಲೇ ನೀರು ಇಳಿದದ್ದು ಅವಳಿಗೆ ನೆನಪಾಗಿರಬೇಕು.

"ಅಕ್ಕಾ, ನಮ್ಮ ಪೆಟ್ಟಿಗಿ ಡೈರೆಕ್ಟ್ ಇತ್ತೇನು?"

ಅಷ್ಟು ಜನರ ನಡುವೆ ಕೇಳಿದಳು. ಇಲ್ಲ ಅಂದಿದ್ದರೆ ನಂಬುತ್ತಿದ್ದಳು. ನನ್ನ ಮಾತನ್ನು ನಂಬದೆ ಇರುವುದು ಅವಳಿಗೆ ಗೊತ್ತೇ ಇರಲಿಲ್ಲ.

"ಇತ್ತು" ಅಂದೆ.

"ಆಟೋ?"

"ಅದೂ ಇತ್ತು. ಗೊತ್ತಿದ್ದ ಬಿಟ್ಟಿದ್ದೆ."

"ಅಯ್ಯೋ ಶಿವನೇ, ನಾನು ತಮಾಷೆಗೆ ಅಂದೆ ಕಣವ್ವ" ಎಂದು ಆ ಹೆಂಗಸು ಬಾಯಿ ಮುಚ್ಚಿಕೊಂಡಳು. ತಂಗಿ ಸ್ವಲ್ಪ ಹೊತ್ತು ಟೇಪನ್ನು ನಾನು ಹೊಲಿದ ಚೀಲದಲ್ಲಿ ತುರುಕುತ್ತಾ ತೆಗೆಯುತ್ತಾ ನಿಂತಳು. ಆಮೇಲೆ ತಲೆಯೆತ್ತಿ, "ಹಂಗಾದ್ರ ನಾನು ಹೇಳಿದ ಕಥಿ ತಪ್ಪು. ಸರಿ ಮಾಡಿಕೊಂಡು ಮತ್ತ ಬರ್ತೀನಿ. ಅಲ್ಲೀತನ ನೀವು ಅಳೀಬ್ಯಾಡ್ರಿ" ಅಂದಳು.

ವಾಪಸು ಬರುವಾಗ ಕಲ್ಯಾಣದುರ್ಗದಲ್ಲಿ ಇಳಿದು ಅವಳು ಬಸ್‌ಸ್ಟ್ಯಾಂಡಿನಲ್ಲಿ ಮೆಣಸಿನಕಾಯಿ ಬಜ್ಜಿ ತಂದು, ಅರ್ಧ ನನ್ನ ಮಡಿಲಿಗಿಟ್ಟಳು. ಮುಖ ನೋಡಲಿಲ್ಲ. ತಿನ್ನುತ್ತಾ ಹೇಳಿದಳು: "ಮಾವಗ ನೀನ ಹೇಳಬೇಕು. ಮಕ್ಕಳಿಗೂ ನೀನ. ನಾನು ಬಾಜೂಕ ನಿಂದರ್ತೀನಿ, ಬಾಯಿ ಬಿಡಂಗಿಲ್ಲ."

"ನಿನ್ನ ಕೆಲಸಕ್ಕ ಏನರ ಆದ್ರ?"

"ಅದನ್ನ ಮೊರಕ್ಕ ಫ್ಯೂಸ್ ಹಾಕೋವಾಗ ಕೇಳಬೇಕಿತ್ತು."

ಕೇಂದ್ರದ ದೊಡ್ಡ ಮೇಡಂಗೆ ಅವಳು ಅವತ್ತೇ ಫೋನಿನಲ್ಲಿ ಹೇಳಿದಳು. ಅವರು ಬೈದರೋ ಇಲ್ಲವೋ ನನಗೆ ಹೇಳಲಿಲ್ಲ. ಮತ್ತೆ ಅಳೆಯಿರಿ ಅಂದರಂತೆ.

ಮರುದಿನ ಮಾವನ ಕಣಕ್ಕೆ ಹೋದೆವು. ಎರಡನೆಯ ವರ್ಷದ ನವಣೆ ಬಡಿದು ಹಾಕಿದ್ದರು. ಮಾವ ತೂರುತ್ತಿದ್ದರು, ಅವರ ಹೆಂಡತಿ, ಅತ್ತೆ, ಗುಡಿಸುತ್ತಿದ್ದರು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಪೆಟ್ಟಿಗೆ, ಆಟೋ, ಮೆಣಸಿನ ಸಸಿ. ಮಾವ ಮೊರ ಕೆಳಗಿಟ್ಟರು. ಅವರು ನಕ್ಕು ಬಿಟ್ಟುಬಿಡುತ್ತಾರೆ ಎಂದು ಒಳಗೊಳಗೇ ಆಸೆ ಇತ್ತು. ನಗಲಿಲ್ಲ.

"ನನ್ನ ಮಗ ನನ್ನ ಕೂಡ ಮಾತು ಬಿಟ್ಟಾನ, ಗೊತ್ತೈತೇನು? ನಮ್ಮೋರು ಸತ್ತಿದ್ದು, ಜೈಲಿಗೆ ಹೋಗಿದ್ದು ಎಲ್ಲಾ ನಮ್ಮ ತಪ್ಪಿಗೇ ಅಂತ ಊರ ಮುಂದ ಒಪ್ಪಿಕೊಂಡಂಗಾತು ಅಂತಾನ. ಎರಡು ವರ್ಸ ಆಗಾಕ ಬಂತು, ಒಂದ ಮನ್ಯಾಗ ಉಣ್ತೀವಿ, ಮಾತಿಲ್ಲ."

ನನಗೆ ಇದು ಗೊತ್ತಿರಲಿಲ್ಲ. ಊರು ಚೆನ್ನಾಗಿದೆ ಅಂದುಕೊಂಡಿದ್ದೆ. ಅವರ ಮನೆಯೊಳಗೆ ನಾನು ಹೊಕ್ಕು ನೋಡಿರಲಿಲ್ಲ. ಅಲ್ಲೇ ಕಣದಲ್ಲಿ ಕೂತುಬಿಟ್ಟೆ. ತಪ್ಪಾಯಿತು ಮಾವಾ ಎಂದಷ್ಟೇ ಅಂದೆನೇನೋ.

ಅತ್ತೆ ಪೊರಕೆ ಹಿಡಿದೇ ಬಂದರು. "ಎರಡು ವರ್ಸ ನವಣಿ ಅನ್ನ ಉಂಡು ನನ್ನ ಗಂಟಲು ಒಣಗೈತಿ. ನಿನ್ನ ಮೆಣಸಿನಕಾಯಿ ಖಾರ ನಮ್ಮ ಮನಿಗೆ ಹತ್ತಿತಲ್ಲವ್ವ" ಅಂದರು. ಆಮೇಲೆ ಮಾವನ ಕಡೆ ತಿರುಗಿ, "ಹೇಳಾಕ ಬಂದಾಳಲ್ಲ. ನಮ್ಮ ಓಣ್ಯಾಗ ರಾಜಿ ದಿನ ಬಣವ್ಯಾಗ ಮುಚ್ಚಿಟ್ಟೋರು ಇವತ್ತಿಗೂ ಹೇಳಿಲ್ಲ" ಅಂದರು.

ಮಾವ ಅತ್ತೆಯ ಮುಖ ನೋಡಿ, ಬೇರೆ ಕಡೆ ನೋಡಿ, ಕೊನೆಗೆ ತಂಗಿಗೆ ಹೇಳಿದರು: "ಮತ್ತ ಅಳೀರಿ. ಈ ಸಲ ಪೆಟ್ಟಿಗಿ ತಗದು ನೋಡ್ರಿ. ನನ್ನ ಪೆಟ್ಟಿಗೀನೂ ನೋಡ್ರಿ."

ಮಕ್ಕಳಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ದೊಡ್ಡವರು ಬೈಯುತ್ತಾರೆ, ಮಕ್ಕಳು ಸುಮ್ಮನೆ ನೋಡುತ್ತವೆ. ಟೇಪು ಓದುತ್ತಿದ್ದ ಒಂದು ಹುಡುಗಿ ತಂಗಿಯನ್ನು ಕೇಳಿದಳು, "ಹಂಗಾದ್ರ ನಾವು ಅಳದಿದ್ದು ತಪ್ಪಾತೇನ್ರಿ, ಮೇಡಂ?"

"ನೀವು ಅಳದಿದ್ದು ಸರಿ. ನೀರು ಇಳಿದಿದ್ದೂ ಖರೇ. ಯಾರು ಎಳದ್ರು ಅಂತ ನಾವು ಅಂದಿವಲ್ಲ, ಅದು ತಪ್ಪು. ನಾನು ಪೆಟ್ಟಿಗಿ ನೋಡಬೇಕಿತ್ತು, ನೋಡ್ಲಿಲ್ಲ. ಅಕ್ಕ ಅಂತ ನಂಬಿದೆ" ಅಂದಳು ತಂಗಿ.

ಎರಡನೆಯ ಅಳತೆ ಎರಡು ದಿನ ನಡೆಯಿತು. ಮೊದಲ ದಿನ ಮಾವನ ಬೋರು ಮಾತ್ರ, ಮರುದಿನ ನಮ್ಮದು ಮಾತ್ರ. ಫ್ಯೂಸು ಮೊರಕ್ಕೆ ಹಾಕಿದ ಮೇಲೆ ಮಕ್ಕಳು ಟೆಸ್ಟರ್ ಹಿಡಿದ ವೈರ್‌ಮನ್ನನ ಹಿಂದೆ ಹೊಲ ಹೊಲ ಸುತ್ತಿ ಪ್ರತಿ ಪೆಟ್ಟಿಗೆ ತೆರೆಸಿ ನೋಡಿದವು. ಇನ್ನೂ ಒಂದೆರಡು ಮನೆಯವರ ಪೆಟ್ಟಿಗೆಗಳು ಡೈರೆಕ್ಟ್ ಇದ್ದದ್ದು ಆಗ ತಿಳಿಯಿತು. ಅವರು ಹೋದ ಸಲ ಯಾರಿಗೂ ಹೇಳದೆ ಆಟೋ ಬಂದ್ ಮಾಡಿಯೇ ಬಂದಿದ್ದರಂತೆ. ಅದನ್ನು ಕೇಳಿ ನನಗೆ ಇನ್ನಷ್ಟು ನಾಚಿಕೆಯಾಯಿತು. ಈ ಸಲ ಪ್ರತಿ ಪೆಟ್ಟಿಗೆಯ ಹತ್ತಿರ ಎದುರು ಓಣಿಯ ಒಬ್ಬರು ಕೂರಬೇಕೆಂದು ಮಾಡಿದರು. ನನ್ನ ಪೆಟ್ಟಿಗೆಗೆ ಅತ್ತೆ ಬಂದರು.

ಮಾವನ ಬೋರು ಓಡುವ ಆ ಮೊದಲ ದಿನ ನಾನೂ ಕೆಲಸಕ್ಕೆ ಹೋಗದೆ ಬಂಡಲ್ ತಂದಿಟ್ಟುಕೊಂಡು ಬೇವಿನ ನೆರಳಲ್ಲಿ ದಾರ ಕತ್ತರಿಸುತ್ತಾ ಕೂತೆ. ಅತ್ತೆ ಪೆಟ್ಟಿಗೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತರು.

"ನಾನು ನಿದ್ದಿ ಮಾಡಿದ್ರ ಆಟೋ ಹಾಕಿಬಿಡ್ತೀಯೇನು?"

"ಹಾಕ್ತೀನತ್ತಿ. ಹುಷಾರಾಗಿರ್ರಿ."

"ಬಾಯಿ ನೋಡು ಬಾಯಿ! ಕೊಡಿಲ್ಲಿ ಆ ಕತ್ತರಿ, ಸುಮ್ಮನ ಕುಂತ್ರ ನಿದ್ದಿ ಬರ್ತೈತಿ."

ಅವರಿಗೆ ಒಂದು ಪ್ಯಾಂಟು ಕೊಟ್ಟೆ. ಕಣ್ಣಿಗೆ ಹತ್ತಿರ ಹಿಡಿದು ಕತ್ತರಿಸಿದರು. ಸ್ವಲ್ಪ ಹೊತ್ತಿಗೆ, "ಇಷ್ಟು ದಪ್ಪನ ಅರಿವಿ ತೊಟಗೊಂಡು ಈ ಬಿಸಿಲಾಗ ಹೆಂಗ ತಿರುಗ್ಯಾಡ್ತಾರ? ಅದಕ್ಕ ಮೊಣಕಾಲು ಹರಕೊಂತಾರೇನು?" ಎಂದು ಕೇಳಿದರು. ಹರಿದ ಪ್ಯಾಂಟನ್ನೇ ಅಂಗಡಿಯಲ್ಲಿ ಮಾರುತ್ತಾರೆ ಅಂದೆ. ನಂಬಲಿಲ್ಲ. ಮೂಡಲಿಂದ ಗಾಳಿ ಬೀಸಿದಾಗ ಬಾವಿಯ ಕಡೆಯಿಂದ ಮಕ್ಕಳ ಕೂಗು ಕೇಳುತ್ತಿತ್ತು. ಅವ್ವ ಇಬ್ಬರಿಗೂ ಮಜ್ಜಿಗೆ ತಂದಳು. ಅವ್ವನೂ ಅತ್ತೆಯೂ ಮೊದಲು ಏನೂ ಮಾತಾಡಲಿಲ್ಲ. ಆಮೇಲೆ ಮೊಣಕಾಲು ನೋವಿನಿಂದ ಶುರುಮಾಡಿ ಇಬ್ಬರೂ ಸಂಜೆಯವರೆಗೆ ನಿಲ್ಲಿಸಲಿಲ್ಲ. ನಾನು ದಾರ ಕತ್ತರಿಸುತ್ತಾ ಅದನ್ನು ಕೇಳುತ್ತಾ ಕೂತೆ. ಬಹಳ ದಿನಗಳ ಮೇಲೆ ಎದೆ ಹಗುರವಾಗಿತ್ತು. ಅಳತೆ ಏನು ಬರುತ್ತದೋ ಎಂಬ ಹೆದರಿಕೆಯೂ ಇರಲಿಲ್ಲ.

ಅಳತೆ ಹೀಗೆ ಬಂತು: ಮಾವನ ಬೋರು ಓಡಿದ ದಿನ ಬಾವಿಯ ನೀರು ಸಂಜೆಯ ಹೊತ್ತಿಗೆ ಎರಡು ಬೆರಳಿನಷ್ಟು ಇಳಿಯಿತು. ನಮ್ಮದು ಓಡಿದ ದಿನ ಬೆಳಿಗ್ಗೆಯಿಂದಲೇ ಇಳಿಯತೊಡಗಿ ಒಂದು ಗೇಣು ದಾಟಿತು. ಬಾವಿಯ ನೀರನ್ನು ಹೆಚ್ಚು ಎಳೆಯುತ್ತಿದ್ದದ್ದು ಕೆಳಗಳ ಓಣಿಯದೇ ಬೋರು, ನಮ್ಮನೆಯದು. ಅಂಗಳದಲ್ಲಿ ಯಾರೂ ಏಳಲಿಲ್ಲ, ಕೂಗಲಿಲ್ಲ. ಮೇಗಳ ಓಣಿಯ ಯಾರೋ, "ಹಂಗಾದ್ರ ಬಾವಿ ಬತ್ತಿದ ವರ್ಸ?" ಎಂದು ಕೇಳಿದರು. ಆ ವರ್ಷ ನಮ್ಮ ಬೋರು ಇರಲೇ ಇಲ್ಲ. ತಂಗಿ, "ಅದು ನಮಗ ಗೊತ್ತಿಲ್ಲ. ಅವತ್ತು ಯಾರೂ ಅಳದಿಲ್ಲ. ಇನ್ನ ಯಾವತ್ತೂ ಗೊತ್ತಾಗಂಗಿಲ್ಲ" ಅಂದಳು. ಮಾವನ ಮಗ ಹಿಂದೆ ಗೋಡೆಗೊರಗಿ ನಿಂತಿದ್ದ. ಏಳುವಾಗ ಮಾವನ ಹೆಗಲ ಮೇಲಿನ ಟವೆಲು ಜಾರಿತು. ಅವನು ಬಗ್ಗಿ ಎತ್ತಿಕೊಟ್ಟು, "ನಡಿಯಪ್ಪ" ಅಂದ. ನಾನು ಹತ್ತಿರವೇ ಇದ್ದೆ, ಕೇಳಿಸಿತು.

ಈಗ ನಮ್ಮ ಬೋರೂ ಮಾವನದೂ ಸರತಿಯ ಮೇಲೆ ಓಡುತ್ತವೆ. ನಾನು ಆಟೋ ತೆಗೆಸಿದ್ದೇನೆ, ಹೊಸ ಫ್ಯೂಸು ಹಾಕಿಸಿದ್ದೇನೆ. ಮೆಣಸಿನ ಗಿಡ ಅರ್ಧಕ್ಕೆ ಇಳಿಸಿದೆವು. ಮಾವ ಒಂದು ಮಡಿ ಭತ್ತ ಹಾಕುತ್ತಾರೆ, ಅತ್ತೆಗೋಸ್ಕರ ಅನ್ನುತ್ತಾರೆ. ತಂಗಿ ಮಾತು ಕೊಟ್ಟಂತೆ ಅಮರಾಪುರದ ಕಡೆ ಮತ್ತೆ ಹೋಗಿ ಸರಿಯಾದ ಕಥೆ ಹೇಳಿ ಬಂದಳು. ಸೊಪ್ಪು ಬಿಡಿಸುತ್ತಿದ್ದ ಹೆಂಗಸು ನನಗೆಂದು ಒಂದು ಚೀಲ ರಾಗಿ ಕಳಿಸಿದ್ದಳು. ಏಕೆಂದು ತಂಗಿಗೂ ತಿಳಿಯಲಿಲ್ಲ. ಅವಳು ಹೋಗುವ ಊರುಗಳಲ್ಲಿ ಈಗ ಫ್ಯೂಸಿನ ಜೊತೆ ಪೆಟ್ಟಿಗೆಯನ್ನೂ ತೆರೆಸಿ ನೋಡುತ್ತಾರೆ. ಅವಳ ಮೇಲಿನ ನಂಬಿಕೆ ಕಡಿಮೆಯಾಗಲಿಲ್ಲ. ಅವಳು ನನ್ನನ್ನು ನಂಬುವುದು ಮಾತ್ರ ಮೊದಲಿನ ಹಾಗಿಲ್ಲ. ಒಲೆ ಆರಿಸಿದೆಯಾ ಎಂದು ಕೇಳಿ, ಹೌದು ಅಂದರೂ ಒಮ್ಮೆ ಹೋಗಿ ನೋಡಿ ಬರುತ್ತಾಳೆ. ನೋಡಿ ಬರಲಿ.

ಈ ವರ್ಷವೂ ಬೇಸಿಗೆಗೆ ಮುಂಚೆ ಅಳತೆಯ ದಿನ ಬಂತು. ಮಕ್ಕಳು ಮೊರ ಹಿಡಿದು ಮೊದಲು ನಮ್ಮ ಮನೆಗೇ ಬಂದವು. ಮೂರು ಫ್ಯೂಸು ಹಾಕಿದೆ. ಮಕ್ಕಳು ಕದಲಲಿಲ್ಲ.

"ಪೆಟ್ಟಿಗಿ ತೋರಸ್ರಿ, ಅಕ್ಕಾರ."

ಗೂಟದಿಂದ ಕೀಲಿ ತೆಗೆದುಕೊಂಡು ಅವುಗಳ ಮುಂದೆ ಹೊಲದ ಕಡೆ ನಡೆದೆ.